ಹಳೆ ಕಾರು ಸ್ಟಾರ್ಟ್ ಆಗುವುದಿಲ್ಲವೇ? ಮೊದಲು ಅಳೆದು ನೋಡಿ

ಕಳೆದ ಮಳೆಗಾಲದ ಒಂದು ರಾತ್ರಿ ಅಪ್ಪನಿಗೆ ಎದೆ ಉರಿ, ಮೈಯೆಲ್ಲ ಬೆವರು. ಆಸ್ಪತ್ರೆಗೆ ಹೋಗೋಣವೆಂದು ಕಾರಿನ ಕೀ ತಿರುಗಿಸಿದರೆ ‘ಗರ್... ಗರ್...’ ಅಂತ ಎರಡು ಸಲ ನರಳಿ ನಿಂತೇ ಹೋಯಿತು. ನಮ್ಮದು ಸಮತಟ್ಟಾದ ಅಂಗಳ, ಕೆಸರು ಬೇರೆ. ತಳ್ಳಿ ಸ್ಟಾರ್ಟ್ ಮಾಡುವ ಹಾಗೂ ಇಲ್ಲ. ನೆರೆಯವರ ಜೀಪು ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಪುಣ್ಯಕ್ಕೆ ಗ್ಯಾಸ್ಟ್ರಿಕ್ ಅಂತ ಆಯಿತು. ಆದರೆ ಆ ಮುಕ್ಕಾಲು ಗಂಟೆಯನ್ನು ನಾನು ಮರೆಯಲಿಕ್ಕಿಲ್ಲ.

ನಮ್ಮದು 1996ರ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ.ಯ, ಕಾರ್ಬುರೇಟರ್ ಇರುವ ಗಾಡಿ. ಎರಡನೇ ಕೈಯಿಂದ ಕೊಂಡದ್ದು. ಪೇಟೆಗೆ, ಸೊಸೈಟಿಗೆ, ಎರಡು ಮೂಟೆ ಹಿಂಡಿ ತರಲಿಕ್ಕೆ ಎಲ್ಲದಕ್ಕೂ ಅದೇ. ಒಂದು ವರ್ಷದಿಂದ ಅದಕ್ಕೆ ಎರಡು ಕಾಯಿಲೆ: ಬೆಳಗ್ಗೆ ಸ್ಟಾರ್ಟ್ ಆಗಲು ಹಠ, ಜೊತೆಗೆ ಪೆಟ್ರೋಲು ಕುಡಿಯುವುದು. ಗಾಡಿಯ ತಪ್ಪಲ್ಲ. ಸರಿಯಾಗಿ ನೋಡಿಕೊಳ್ಳದ್ದು ನಾನು.

ಗ್ಯಾರೇಜಿಗೆ ಮೂರು ಸಲ ಹೋದೆ. ಮೊದಲ ಸಲ ಹೊಸ ಬ್ಯಾಟರಿ. ಎರಡನೇ ಸಲ ಪ್ಲಗ್ಗು ಬದಲಿಸಿ, ಕಾರ್ಬುರೇಟರ್ ತೊಳೆದದ್ದು. ಒಟ್ಟು ಆರು ಸಾವಿರದ ಮೇಲೆ ಹೋಯಿತು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ಹಾಡು. ಮೂರನೇ ಸಲ ಸಿಕ್ಕಿದ ಉತ್ತರ: “ಬೋರು ಹೋಗಿದೆ, ಇಂಜಿನು ಬಿಚ್ಚಬೇಕು.” ಲೆಕ್ಕ ಹಾಕಿದರೆ ಆ ಖರ್ಚು ಕಾರಿನ ಅರ್ಧ ಬೆಲೆಗಿಂತ ಹೆಚ್ಚು.

ಪಂಪುಸೆಟ್ ರಿಪೇರಿ ಮಾಡುವ ಗೆಳೆಯರೊಬ್ಬರಲ್ಲಿ ಇದನ್ನು ಹೇಳಿಕೊಂಡೆ. ಅವರೆಂದರು: “ಅಡಿಕೆ ಸೋಗೆ ಹಳದಿಯಾದರೆ ಸೀದಾ ಗೊಬ್ಬರ ಸುರಿಯುತ್ತೀರಾ? ಬುಡದಲ್ಲಿ ನೀರು ನಿಂತಿದೆಯೋ ಅಂತ ನೋಡುವುದಿಲ್ಲವೇ? ಕಾರಿಗೂ ಅಷ್ಟೇ ಮಾರಾಯ್ರೆ. ಸಾಮಾನು ಕೊಳ್ಳುವ ಮೊದಲು ಅಳೆಯಿರಿ.” ಪಂಪ್ ಶೆಡ್ಡಿನಲ್ಲಿದ್ದ ಮಲ್ಟಿಮೀಟರ್ ಹಿಡಿದು ಇಬ್ಬರೂ ಒಂದು ಭಾನುವಾರ ಕೂತೆವು.

ಇಂಜಿನು ತಿರುಗುತ್ತದೋ?

ಮೊದಲ ಪ್ರಶ್ನೆ ಇದೇ. ಕೀ ತಿರುಗಿಸಿದಾಗ ಇಂಜಿನು ನಿಧಾನಕ್ಕೆ ತಿರುಗಿದರೆ ದೋಷ ಕರೆಂಟಿನದ್ದು. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಕಿಡಿಯದ್ದು ಅಥವಾ ಪೆಟ್ರೋಲಿನದ್ದು. ಈ ಎರಡನ್ನು ಬೇರೆ ಮಾಡಿಕೊಳ್ಳದೆ ಬ್ಯಾಟರಿ ಕೊಂಡದ್ದು ನನ್ನ ಮೊದಲ ತಪ್ಪು.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನು ಓಡುವಾಗ 13.8ರಿಂದ 14.4 ಇದ್ದರೆ ಚಾರ್ಜಿಂಗ್ ಸರಿಯಿದೆ ಅಂತ ಅರ್ಥ. ನಮ್ಮದರಲ್ಲಿ ಮೂರೂ ಸರಿಯೇ. ಆದರೂ ಇಂಜಿನು ನರಳುತ್ತಿತ್ತು.

ಆಗ ಗೆಳೆಯರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನಿನ ಮೈಗೆ ಒತ್ತಿ ಹಿಡಿದರು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನು ಹತ್ತದಂತೆ ಕಾಯಿಲಿನ ಸಣ್ಣ ವಯರು ಕಳಚಿ ಕೀ ತಿರುಗಿಸಿದೆ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದಲ್ಲಿ ಮೀಟರ್ ತೋರಿಸಿದ್ದು 1.4! ಅಂದರೆ ಅಷ್ಟು ಕರೆಂಟು ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಅರ್ತ್ ವಯರಿನ ಬೋಲ್ಟು ಬಿಚ್ಚಿ ನೋಡಿದರೆ ಅಡಿಯಲ್ಲಿ ತುಕ್ಕು, ಎಳೆಗಳು ಹಸುರುಗಟ್ಟಿ ಅರ್ಧಕ್ಕರ್ಧ ತುಂಡಾಗಿವೆ. ಹೊಸ ವಯರು ಹಾಕಿ, ಕೂರುವ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ ಬಿಗಿದೆವು. ಮೀಟರ್ 0.2ಕ್ಕೆ ಇಳಿಯಿತು. ಸ್ಟಾರ್ಟರ್ ಚುರುಕಾಯಿತು.

ಹತ್ತಿಕೊಳ್ಳದಿದ್ದರೆ?

ಇಂಜಿನು ತಿರುಗಿದರೂ ಹತ್ತಲು ಇನ್ನೂ ತಡವಾಗುತ್ತಿತ್ತು. ಪ್ಲಗ್ಗು ಬಿಚ್ಚಿದೆವು. ಪ್ಲಗ್ಗಿನ ತುದಿ ಇಂಜಿನಿನ ನಾಲಿಗೆ ಇದ್ದ ಹಾಗೆ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ. ಒಣ ಕರಿಮಸಿ ಇದ್ದರೆ ಪೆಟ್ರೋಲು ಹೆಚ್ಚು. ಎಣ್ಣೆಯ ಜಿಡ್ಡು ಇದ್ದರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ. ನಮ್ಮ ಮೂರು ಹೊಸ ಪ್ಲಗ್ಗುಗಳೂ ಎರಡೇ ತಿಂಗಳಲ್ಲಿ ಮಸಿ ಕೆಂಡದ ಹಾಗೆ. ಮಸಿ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಹಾರುವ ಬದಲು ಮಸಿಯ ಮೂಲಕ ಜಾರಿ ಹೋಗುತ್ತದೆ. ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ.

ಅಂದರೆ ಸ್ಟಾರ್ಟಿಂಗ್ ತೊಂದರೆಗೂ ಪೆಟ್ರೋಲು ಖರ್ಚಿಗೂ ಬೇರು ಒಂದೇ ಇತ್ತು. ಎಲ್ಲಿ? ಏರ್ ಫಿಲ್ಟರಿನ ಮುಚ್ಚಳ ತೆಗೆದು ನೋಡಿದೆವು. ಫಿಲ್ಟರಿನಲ್ಲಿ ಧೂಳು ತುಂಬಿತ್ತು. ಅದಕ್ಕಿಂತ ದೊಡ್ಡದು ಚೋಕಿನ ಸಂಗತಿ. ಒಳಗೆ ಕೂತು ಚೋಕಿನ ಗುಂಡಿಯನ್ನು ಪೂರ್ತಿ ಒತ್ತಿದರೂ ಕಾರ್ಬುರೇಟರಿನ ಬಾಯಲ್ಲಿರುವ ತಗಡು ಮೂರರಲ್ಲಿ ಒಂದು ಪಾಲು ಮುಚ್ಚಿಯೇ ಇತ್ತು! ಕೇಬಲ್ ತುಕ್ಕು ಹಿಡಿದು ಕೊಳವೆಯೊಳಗೆ ಅಂಟಿತ್ತು. ಒಂದು ವರ್ಷ ನಾನು ಅರ್ಧ ಚೋಕ್ ಎಳೆದುಕೊಂಡೇ ಗಾಡಿ ಓಡಿಸಿದ್ದೆ ಅಂತಾಯಿತು.

ಇನ್ನೊಂದು ಪತ್ತೆಯಾಯಿತು. ನಾಲ್ಕು ಕಿಲೋಮೀಟರ್ ಓಡಿದರೂ ಟೆಂಪರೇಚರ್ ಮುಳ್ಳು ಮೇಲೆ ಏರುತ್ತಿರಲಿಲ್ಲ. ಒಳ್ಳೆಯದೇ ಅಂತ ನಾನು ಎಣಿಸಿದ್ದೆ. ಬಿಚ್ಚಿದರೆ ಥರ್ಮೋಸ್ಟಾಟೇ ಇಲ್ಲ! ಇಂಜಿನು ಬಿಸಿಯಾಗದಿರಲಿ ಅಂತ ಹಿಂದೆ ಯಾರೋ ಕಿತ್ತಿದ್ದರು. ಆದರೆ ತಣ್ಣಗಿನ ಇಂಜಿನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಹೆಚ್ಚು ಬೇಕಾಗುತ್ತದೆ. ಸವೆತವೂ ಜಾಸ್ತಿ. ಹೊಸದು ಹಾಕಿಸಿದೆ.

ಮೈಲೇಜು ಬಾಯಿಮಾತಲ್ಲ

“ಎಷ್ಟು ಕೊಡುತ್ತದೆ?” ಅಂದರೆ ನಾವು ಅಂದಾಜಿಗೆ ಹೇಳುತ್ತೇವೆ. ಹಾಗಲ್ಲ. ಟ್ಯಾಂಕು ತುಂಬಿಸಿ ಮೀಟರ್ ಬರೆದಿಡಿ. 200 ಕಿ.ಮೀ. ಆದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಭಾಗಿಸಿ. ರಿಪೇರಿಗೆ ಮೊದಲು ನಾನು 214 ಕಿ.ಮೀ.ಗೆ 19.4 ಲೀಟರ್ ಹಾಕಿದ್ದೆ. ಅಂದರೆ 11. ಕೊಂಡ ಹೊಸತರಲ್ಲಿ 17 ಸಿಗುತ್ತಿತ್ತು.

“ಈಗಿನ ಎಥೆನಾಲ್ ಪೆಟ್ರೋಲಿನಿಂದ ಹಾಗೆ” ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸತ್ಯ ಉಂಟು, ಪೂರ್ತಿ ಅಲ್ಲ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ. 20 ತಲುಪಿತು. ಲೀಟರ್ ಎಥೆನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಹಾಗೆ ಲೆಕ್ಕ ಹಾಕಿದರೆ ಲೀಟರಿಗೆ ಶೇ. 6–7ರಷ್ಟು ಶಕ್ತಿ ಕಮ್ಮಿ. 17ಕ್ಕೆ 16 ಬಂದರೆ ಎಥೆನಾಲಿನ ಮೇಲೆ ಹಾಕಬಹುದು, 11 ಬಂದರೆ ಕಾಯಿಲೆ ಗಾಡಿಯಲ್ಲೇ. ಆದರೆ ಹಳೆ ಗಾಡಿಯವರು ರಬ್ಬರ್ ಪೈಪುಗಳನ್ನು ಆಗಾಗ ನೋಡಬೇಕು. ಎಥೆನಾಲಿಗೆಂದು ಮಾಡದ ಹಳೆ ರಬ್ಬರು ಉಬ್ಬುತ್ತದೆ, ಬಿರಿಯುತ್ತದೆ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರೆ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡಿ.

ಎಳೆಯುವ ಚಕ್ರವೂ ಪೆಟ್ರೋಲು ತಿನ್ನುತ್ತದೆ. ಬ್ರೇಕು ಹೆಚ್ಚು ಒತ್ತದೆ ಐದಾರು ಕಿ.ಮೀ. ಓಡಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ. ಸೀದಾ ಮುಟ್ಟಬೇಡಿ. ನಮ್ಮದರಲ್ಲಿ ಹಿಂದಿನ ಎಡ ಚಕ್ರ ಸುಡುತ್ತಿತ್ತು. ಜಾಕ್ ಕೊಟ್ಟು ತಿರುಗಿಸಿದರೆ ಅರ್ಧ ಸುತ್ತೂ ಬರಲಿಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ಹಿಡಿದುಕೊಂಡಿತ್ತು.

ಬೋರು ಹೋಗಿತ್ತೇ?

ಕೊನೆಗೆ ದೊಡ್ಡ ಭಯವನ್ನೂ ಪರೀಕ್ಷಿಸಿದೆವು. ಪರಿಚಯದವರಿಂದ ಕಂಪ್ರೆಷನ್ ಗೇಜ್ ತಂದು, ಬಿಸಿ ಇಂಜಿನಿನ ಮೂರೂ ಪ್ಲಗ್ಗು ಬಿಚ್ಚಿ, ಎಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದೆವು. 150, 155, 145 ಪೌಂಡು. ಹೆಚ್ಚುಕಮ್ಮಿ ಸಮ. ಒಂದು ಸಿಲಿಂಡರ್ ಮಾತ್ರ ತುಂಬ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹನಿಸಿ ಮತ್ತೆ ಅಳೆಯಬೇಕು. ಏರಿದರೆ ರಿಂಗು ಅಥವಾ ಬೋರು ಸವೆದಿದೆ. ಏರದಿದ್ದರೆ ವಾಲ್ವ್ ನೋಡಿಸಬೇಕು. ಹೊಗೆಯೂ ಸಾಕ್ಷಿ ಹೇಳುತ್ತದೆ: ನೀಲಿಯಾದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು. ನಮ್ಮದು ಕಪ್ಪು. ಇಂಜಿನು ಬಿಚ್ಚುವ ಅಗತ್ಯವೇ ಇರಲಿಲ್ಲ.

ಖರ್ಚಿನ ಲೆಕ್ಕ

ಅರ್ತ್ ವಯರು 180 ರೂ., ಚೋಕ್ ಕೇಬಲ್ 250, ಥರ್ಮೋಸ್ಟಾಟ್ ಮತ್ತು ಪ್ಯಾಕಿಂಗ್ 450, ಏರ್ ಫಿಲ್ಟರ್ 200, ಹ್ಯಾಂಡ್‌ಬ್ರೇಕ್ ಸರಿಮಾಡಿದ ಕೂಲಿ 400. ಒಟ್ಟು 1,480 ರೂಪಾಯಿ. ಹಳೆ ಪ್ಲಗ್ಗುಗಳನ್ನೇ ಶುಚಿ ಮಾಡಿ ಹಾಕಿದೆ. ಆಮೇಲೆ ಅಳೆದಾಗ 246 ಕಿ.ಮೀ.ಗೆ 15.6 ಲೀಟರ್, ಅಂದರೆ 15.8. ತಿಂಗಳಿಗೆ 500 ಕಿ.ಮೀ. ಓಡುವ ನಮಗೆ 13–14 ಲೀಟರ್ ಉಳಿತಾಯ.

ಗ್ಯಾರೇಜಿನವರನ್ನು ದೂರುವುದಕ್ಕೆ ಇದನ್ನು ಬರೆದದ್ದಲ್ಲ. “ಸ್ಟಾರ್ಟ್ ಆಗುವುದಿಲ್ಲ” ಅಂತ ಮಾತ್ರ ಹೇಳಿ ಗಾಡಿ ಬಿಟ್ಟು ಬಂದರೆ ಅವರಾದರೂ ಏನು ಮಾಡಿಯಾರು? ಬೆಳಗ್ಗೆಯೋ, ಬಿಸಿಯಾದ ಮೇಲೋ? ತಿರುಗುತ್ತದೋ, ಇಲ್ಲವೋ? ಪ್ಲಗ್ಗಿನ ಬಣ್ಣ ಎಂತದ್ದು? ಇಷ್ಟು ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಸಮಯವೂ ನಮ್ಮ ಹಣವೂ ಉಳಿಯುತ್ತದೆ.

ಒಂದು ಎಚ್ಚರಿಕೆ: ಪರೀಕ್ಷೆಯೆಲ್ಲ ಬಯಲಲ್ಲೇ ಮಾಡಿ. ಹತ್ತಿರ ಬೀಡಿ ಬೇಡ. ಕಿಡಿ ನೋಡುವಾಗ ಪೆಟ್ರೋಲು ಹತ್ತಿರ ಇರಬಾರದು. ಇಂಜಿನು ತಿರುಗುವಾಗ ಲುಂಗಿಯ ತುದಿ ಬೆಲ್ಟಿನ ಬಳಿ ಸುಳಿಯಬಾರದು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬ್ಯಾಟರಿ ವೋಲ್ಟೇಜ್, ಟಯರಿನ ಗಾಳಿ, ಚೋಕಿನ ತಗಡು ಇವಿಷ್ಟನ್ನು ನೋಡಿ ಪಂಪ್ ಶೆಡ್ಡಿನ ಪುಸ್ತಕದಲ್ಲಿ ಬರೆದಿಡುತ್ತೇನೆ. ಹತ್ತು ನಿಮಿಷದ ಕೆಲಸ. ಈ ಮಳೆಗಾಲ ಶುರುವಾಗಿ ತಿಂಗಳಾಯಿತು, ಕಾರು ಒಂದೇ ತಿರುವಿಗೆ ಹತ್ತುತ್ತಿದೆ. ಅಪ್ಪ ರಾತ್ರಿ ಒಮ್ಮೆ ಕೆಮ್ಮಿದರೂ ನನಗೀಗ ಮೊದಲಿನಷ್ಟು ಹೆದರಿಕೆ ಇಲ್ಲ.