ಇಂಟರ್‌ವ್ಯೂ ವೀಸಾ ಬೇರೆ, ಕೆಲಸದ ವೀಸಾ ಬೇರೆ
ಹಾಸನದಲ್ಲಿ ಎಂಜಿನಿಯರಿಂಗ್ ಪಾಠ ಹೇಳುವ ನನ್ನನ್ನು ಅರಕಲಗೂಡು, ಹೊಳೆನರಸೀಪುರದ ಹುಡುಗರು ಕೇಳುತ್ತಾರೆ: ‘ಸಾರ್, ಅಮೆರಿಕಕ್ಕೆ ಇಂಟರ್‌ವ್ಯೂಗೆ ಕರೆದಿದ್ದಾರೆ, ಯಾವ ವೀಸಾ ಮಾಡಿಸ್ಲಿ?’

ಇಂಟರ್‌ವ್ಯೂ ಮುಗಿಸಿ ಬರಲು ಬಿ-1 ಸಾಕು. ಅದರಲ್ಲಿ ಒಂದು ದಿನವೂ ಅಲ್ಲಿ ದುಡಿಯುವಂತಿಲ್ಲ. ದುಡಿಯಲು ಎಚ್-1ಬಿ ಬೇಕು. ಅದಕ್ಕೆ ಅರ್ಜಿ ಹಾಕುವುದು ಕಂಪನಿಯೇ. ವರ್ಷಕ್ಕೆ ಕೊಡುವುದು 65,000 ವೀಸಾ, ಅಲ್ಲೇ ಸ್ನಾತಕೋತ್ತರ ಪದವಿ ಓದಿದವರಿಗೆ ಇನ್ನೂ 20,000. ಕೇಳುವವರು ಅದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಅರ್ಹತೆ ಇದ್ದೂ ಕೈತಪ್ಪಬಹುದು. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಬರುವವರ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕವನ್ನೂ ಘೋಷಿಸಿದರು.

ಜರ್ಮನಿಯ ದಾರಿ ಬೇರೆ. 2024ರ ಜೂನ್‌ನಿಂದ ಕೊಡುತ್ತಿರುವ ‘ಚಾನ್ಸೆನ್‌ಕಾರ್ಟೆ’ ಸಿಕ್ಕರೆ ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು.

ಚನ್ನರಾಯಪಟ್ಟಣದ ತಂದೆಯೊಬ್ಬರು ತೆಂಗಿನ ತೋಟ ಅಡವಿಟ್ಟು ವೀಸಾಕ್ಕೆಂದು ಏಜೆಂಟನಿಗೆ ಹಣ ಕೊಡಲು ಹೊರಟಾಗ ನನಗೆ ಸಂಕಟವಾಯಿತು. ‘ಯಜಮಾನ್ರೇ, ತೋಟ ಮುಟ್ಟಬೇಡಿ. ಮೊದಲು ಕಂಪನಿಯ ಆಫರ್ ಲೆಟರ್ ತೋರಿಸಿ’ ಎಂದೆ.