ಯಂತ್ರ ಹಾಕಿದರೂ ಮಗು ತಿರುಗುವುದಿಲ್ಲ, ಏಕೆ?

ಪ್ರಶ್ನೆ: ನಮ್ಮ ಅಂಗನವಾಡಿಯ ನಾಲ್ಕು ವರ್ಷದ ಹುಡುಗಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ. ಆದರೂ ಕರೆದಾಗೆಲ್ಲ ತಿರುಗುವುದಿಲ್ಲ, ಏಕೆ? ನಾವೇನು ಮಾಡಬೇಕು?
— ಅಂಗನವಾಡಿ ಕಾರ್ಯಕರ್ತೆ, ನವಲಗುಂದ ತಾಲ್ಲೂಕು

ಉತ್ತರ: ಈ ಸಾಧನ ಕಿವುಡನ್ನು ವಾಸಿ ಮಾಡುವುದಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಹಿಡಿದ ಸದ್ದು ವಿದ್ಯುತ್ ಸಂಕೇತವಾಗಿ, ಒಳಕಿವಿಯಲ್ಲಿ ಕೂರಿಸಿದ ಎಳೆಯ ಮೂಲಕ ನೇರ ಶ್ರವಣ ನರವನ್ನು ಮುಟ್ಟುತ್ತದೆ. ಅದಕ್ಕೆ ಅರ್ಥ ಕಟ್ಟುವುದನ್ನು ಮಿದುಳು ಕಲಿಯಬೇಕು. ಹೀಗಾಗಿ ಕೇಳುವ ವಯಸ್ಸನ್ನು ಯಂತ್ರ ಚಾಲೂ ಆದ ದಿನದಿಂದ ಎಣಿಸಿ. ಮೂರು ತುಂಬಿದಾಗ ಚಾಲೂ ಆಗಿದ್ದರೆ, ಕೇಳುವುದರಲ್ಲಿ ಅವಳಿಗಿನ್ನೂ ಒಂದೇ ವರ್ಷ.

ಗದ್ದಲವೇ ದೊಡ್ಡ ಅಡ್ಡಿ. ತಗಡಿನ ಮೇಲಿನ ಮಳೆ, ಫ್ಯಾನು, ಮಕ್ಕಳ ಗಲಾಟೆಯಲ್ಲಿ ಮಾತು ಮುಳುಗುತ್ತದೆ. ಯಂತ್ರವಿರುವ ಕಿವಿ ನಿಮ್ಮ ಕಡೆಗಿರುವಂತೆ ಹತ್ತಿರ ಕೂರಿಸಿ, ಮುಖ ತೋರಿಸಿ, ಸಹಜ ದನಿಯಲ್ಲಿ ಮಾತಾಡಿ, ಕೂಗಬೇಡಿ. “ಬಾರವ್ವಾ, ರೊಟ್ಟಿ ತಿನ್ನೂಣು” ಎನ್ನುವ ಮನೆಮಾತನ್ನೇ ದಿನವೂ ಆಡಿ.

ಬೆಳಿಗ್ಗೆ ಬಂದೊಡನೆ ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದು ಮಾಡಿ. ಪ್ರತಿ ಸದ್ದಿಗೂ ಅವಳು ಕೈ ಎತ್ತಲಿ. ಎಂದಿನಂತೆ ಎತ್ತದಿದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಆಡಿಯಾಲಜಿಸ್ಟ್‌ಗೆ ತಿಳಿಸಲು ಪಾಲಕರಿಗೆ ಹೇಳಿ. ಕಲಘಟಗಿಯಂಥ ಮಳೆಯ ಕಡೆ ರಾತ್ರಿ ಯಂತ್ರವನ್ನು ತೇವ ಹೀರುವ ಡಬ್ಬಿಯಲ್ಲಿಡಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ ಬರಬೇಕು. ಮಾತು ತಡವಾದ ಪ್ರತಿ ಮಗುವನ್ನೂ ಅವರಿಗೆ ತೋರಿಸಿ. ಮುಂದೆ ಊರಿನ ಶಾಲೆಯಲ್ಲೇ ಎಲ್ಲರೊಡನೆ ಕಲಿಯುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಹುಡುಗಿಗೆ ಕೊಟ್ಟ ಹಕ್ಕು. ಶಾಲೆಗೆ ಸೇರುವ ಮುನ್ನವೇ ಶಿಕ್ಷಕರಿಗೆ ಇದನ್ನೆಲ್ಲ ತಿಳಿಸಿ.