ಹೆಬ್ಬಾತಿನ ಊಟದ ಲೆಕ್ಕ ಯಾರ ಖಾತೆಗೆ?

1938ರ ನವೆಂಬರ್ 12ರಂದು ಇಂದಿನ ರಾಜಸ್ಥಾನದ ಭರತಪುರದ ಜೌಗಿನಲ್ಲಿ ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ಏರ್ಪಟ್ಟ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಗುಂಡಿಗೆ ಬಲಿಯಾದವು. ಆ ಸಂಖ್ಯೆಯನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿಡಲಾಗಿದೆ. ಅಂದು ಅದು ಹೆಮ್ಮೆಯ ದಾಖಲೆ. ಇಂದು ಓದುವವರಿಗೆ ಮುಜುಗರದ ಶಾಸನ. ಸ್ವಾತಂತ್ರ್ಯಾನಂತರವೂ ಬೇಟೆ ನಿಲ್ಲಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಪರವಾನಗಿ ಪಡೆದು ಬೇಟೆಯಾಡಲು ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಕೋವಿ ಕೆಳಗಿಳಿದದ್ದು ಸರಿಯಾದ ನಿರ್ಧಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಲ್ಲಬಾರದು ಎಂದು ಹೇಳಿದ ಸಮಾಜವು ಸಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಿದೆಯೇ?

ಈ ಪ್ರಶ್ನೆಗೆ ಗದಗ ಜಿಲ್ಲೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 54.38 ಹೆಕ್ಟೇರಿನಷ್ಟು, ಅಂದರೆ ಸುಮಾರು 134 ಎಕರೆಯ ಜಲಾಶಯ. ಮಳೆನೀರು ಹಿಡಿದು ಹೊಲಗಳಿಗೆ ಒದಗಿಸಲೆಂದು ಮನುಷ್ಯರೇ ಕಟ್ಟಿಕೊಂಡದ್ದು. ಚಳಿಗಾಲದಲ್ಲಿ ಇಲ್ಲಿ ಸುಮಾರು 8 ಸಾವಿರ ಹಕ್ಕಿಗಳು ತಂಗುತ್ತವೆ. ಈವರೆಗೆ 166 ಪ್ರಭೇದಗಳು ದಾಖಲಾಗಿವೆ. ಮುಖ್ಯ ಅತಿಥಿ ಪಟ್ಟೆತಲೆಯ ಹೆಬ್ಬಾತು. ಮಂಗೋಲಿಯ, ಟಿಬೆಟ್ಟಿನ ಪ್ರಸ್ಥಭೂಮಿಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಉಪಕರಣಗಳ ಮೂಲಕ ದಾಖಲಿಸಿದ್ದಾರೆ. ದಕ್ಷಿಣ ಭಾರತದಲ್ಲಿ ಅದರ ದೊಡ್ಡ ಚಳಿಗಾಲದ ನೆಲೆಗಳಲ್ಲಿ ಮಾಗಡಿಯೂ ಒಂದು. 2024ರ ಜನವರಿಯಲ್ಲಿ ಅಂಕಸಮುದ್ರ ಹಾಗೂ ಅಘನಾಶಿನಿ ಅಳಿವೆಯೊಂದಿಗೆ ಈ ಕೆರೆಗೂ ರಾಮ್ಸಾರ್ ಮಾನ್ಯತೆ ಘೋಷಣೆಯಾಯಿತು. ಅದಕ್ಕೆ ಮೊದಲು, 2022ರಲ್ಲಿ, ರಾಜ್ಯದಿಂದ ಆ ಪಟ್ಟಿ ಸೇರಿದ್ದು ರಂಗನತಿಟ್ಟು ಮಾತ್ರ.

ಹೆಬ್ಬಾತಿನ ದಿನಚರಿಯನ್ನು ಗಮನಿಸಿದರೆ ಅರ್ಥಶಾಸ್ತ್ರದ ಪಾಠವೊಂದು ತಾನಾಗಿ ತೆರೆದುಕೊಳ್ಳುತ್ತದೆ. ಹಗಲು ಅದು ಕೆರೆಯಲ್ಲಿ ವಿಶ್ರಮಿಸುತ್ತದೆ. ಹೊತ್ತು ಮುಳುಗುವ ವೇಳೆಗೆ ಗುಂಪುಗುಂಪಾಗಿ ಎದ್ದು ಸುತ್ತಲಿನ ಹೊಲಗಳಿಗಿಳಿದು ಮೇಯುತ್ತದೆ. ಬೆಳಕು ಹರಿಯುವಾಗ ಮರಳುತ್ತದೆ. ಕೆರೆ ಅದರ ಮಲಗುವ ಮನೆ, ಹೊಲ ಅದರ ಅಡುಗೆಮನೆ. ಸರ್ಕಾರ ಸಂರಕ್ಷಿಸಿರುವುದು ಮಲಗುವ ಮನೆಯನ್ನು. ಅಡುಗೆಮನೆ ರೈತನ ಖಾಸಗಿ ಸ್ವತ್ತು. ಅಲ್ಲಿನ ಖರ್ಚೂ ಅವನದೇ.

ಎಳ್ಳ ಅಮಾವಾಸ್ಯೆಗೆ ಸೊರಟೂರಿನ ಸಮೀಪದ ಮಿತ್ರರೊಬ್ಬರ ಹೊಲಕ್ಕೆ ನಾವು ನಾಲ್ವರು ನಿವೃತ್ತ ಸಹೋದ್ಯೋಗಿಗಳು ಹೋಗಿದ್ದೆವು. ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು 1190ರ ಸುಮಾರಿಗೆ ಸೋಲಿಸಿದ ಸೊರಟೂರು ಇದೇ. ಅಂದಿನ ಕದನದ ಕುರುಹು ಹೊಲಗಳಲ್ಲಿ ಏನೂ ಕಾಣದು. ಕಪ್ಪತಗುಡ್ಡದ ಸಾಲಿನವರೆಗೆ ಕಣ್ಣು ಹಾಯಿಸಿದಷ್ಟೂ ಎರಿನೆಲ, ಬಿಳಿಜೋಳ, ಕಡಲೆ, ಕುಸುಬೆ. ಬನ್ನಿಮರದ ಕೆಳಗೆ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಮನೆಯ ಹೆಣ್ಣುಮಕ್ಕಳು ತಂದ ಬುತ್ತಿಯಿಂದ ಮೊದಲು ಭೂತಾಯಿಗೆ ಚರಗ ಚೆಲ್ಲಿದರು. ಆಮೇಲೆ ನಮಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಉಣ್ಣುವ ಮುನ್ನ ಕಾಣದ ಬಾಯಿಗಳಿಗೆ ತುತ್ತು ಹಾಕುವ ಈ ಪದ್ಧತಿಗೆ ಯಾವ ಕಾಯ್ದೆಯೂ ಆಧಾರವಲ್ಲ.

ಸಂಜೆ ಮಾಗಡಿಯ ಏರಿಗೆ ಬಂದೆವು. ನಮ್ಮಲ್ಲಿ ಹಿರಿಯರೊಬ್ಬರು ಯೌವನದಲ್ಲಿ ಪರವಾನಗಿ ಪಡೆದು ಬಾತುಬೇಟೆ ಆಡಿದವರು. ಈಗ ಅವರ ಕೈಯಲ್ಲಿ ದುರ್ಬೀನು. ಹೆಬ್ಬಾತುಗಳು ಒಮ್ಮೆಲೇ ಎದ್ದಾಗ ಅವರು ಅಭ್ಯಾಸಬಲದಿಂದ ಗಾಳಿಯ ದಿಕ್ಕನ್ನು ನೋಡಿದರು, ನಂತರ ತಮಗೆ ತಾವೇ ನಕ್ಕರು. ಪಕ್ಕದಲ್ಲಿ ನಿಂತಿದ್ದ ಸಣ್ಣ ಹಿಡುವಳಿದಾರರೊಬ್ಬರನ್ನು ‘ಇವು ನಿಮ್ಮ ಬೆಳೆ ತಿನ್ನುವುದಿಲ್ಲವೇ?’ ಎಂದು ಕೇಳಿದೆ. ‘ತಿಂತಾವ್ರಿ ಸಾಹೇಬ್ರ. ಅಷ್ಟ ದೂರದಿಂದ ಹಸದ ಬಂದಾವು, ತಿನ್ಲಿ ಬಿಡ್ರಿ. ಅವು ಹಾಕಿದ ಗೊಬ್ರಾನೂ ನಮಗ ಉಳೀತೈತಿ. ಆದ್ರ ಸೊಸೈಟಿ ಸಾಲಾ ಅವೇನ್ ತುಂಬಂಗಿಲ್ಲಲ್ರಿ’ ಎಂದರು. ದೂರಿನ ಧ್ವನಿಯಿರಲಿಲ್ಲ, ಲೆಕ್ಕ ಒಪ್ಪಿಸುವ ಧ್ವನಿಯಿತ್ತು.

ಆ ಲೆಕ್ಕವನ್ನು ನಾವೂ ಹಾಕಿ ನೋಡೋಣ. ಬರುವ ಹಕ್ಕಿಗಳಲ್ಲಿ ಅರ್ಧದಷ್ಟು, ಅಂದರೆ ನಾಲ್ಕು ಸಾವಿರ, ಹೊಲಕ್ಕಿಳಿಯುತ್ತವೆ ಎಂದೂ ಒಂದೊಂದು ದಿನಕ್ಕೆ ಕೇವಲ ನೂರು ಗ್ರಾಂ ತಿನ್ನುತ್ತದೆ ಎಂದೂ ಊಹಿಸಿಕೊಳ್ಳಿ. ದಿನಕ್ಕೆ ನಾಲ್ಕು ಕ್ವಿಂಟಲ್. ನೂರು ದಿನಗಳ ವಾಸ್ತವ್ಯಕ್ಕೆ ನಾನೂರು ಕ್ವಿಂಟಲ್. ಇದೆಲ್ಲವೂ ನಷ್ಟವಲ್ಲ. ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲುಳಿದ ಕಾಯಿಯನ್ನು ಹೆಕ್ಕಿದರೆ ರೈತನಿಗೆ ಹಾನಿಯಿಲ್ಲ. ಎಳೆಯ ಪೈರನ್ನು ಮೇಯ್ದರೆ ಹಾನಿಯುಂಟು. ಯಾವುದು ಎಷ್ಟು ಎಂಬುದನ್ನು ಹೊಲಕ್ಕೆ ಹೋಗಿ ಅಳೆಯಬೇಕು. ಆನೆ ತುಳಿದ ಗದ್ದೆಯನ್ನು ಅಳೆಯುವುದು ಸುಲಭ, ಹೆಜ್ಜೆಯೇ ಸಾಕ್ಷಿ. ರಾತ್ರಿ ಇಳಿದು ನಸುಕಿಗೆ ಏಳುವ ಹಕ್ಕಿಗೆ ಪಂಚನಾಮೆ ಬರೆಯುವವರಾರು?

ಲಾಭ ಊರೆಲ್ಲಕ್ಕೆ, ವೆಚ್ಚ ಕೆಲವರಿಗೆ ಎಂಬ ಇಂಥ ಸ್ಥಿತಿ ಬಹುಕಾಲ ನಿಲ್ಲದು. ರೈತ ಹಕ್ಕಿಗೆ ಕಲ್ಲೆಸೆಯಬೇಕಾಗಿಲ್ಲ. ಶೇಂಗಾ, ಕಡಲೆ ಬಿಟ್ಟು ಹತ್ತಿಯನ್ನೋ ಮೆಕ್ಕೆಜೋಳವನ್ನೋ ಹಾಕಿದರೆ ಸಾಕು. ಅದು ಅವನ ಹಕ್ಕು, ಮಾರುಕಟ್ಟೆಯೂ ಅದನ್ನೇ ಹೇಳುತ್ತಿರಬಹುದು. ಹತ್ತಿಯ ಹೊಲದಲ್ಲಿ ಹೆಬ್ಬಾತಿಗೆ ಊಟವಿಲ್ಲ. ಕೆರೆಯ ಸುತ್ತ ಎಷ್ಟೇ ಫಲಕಗಳನ್ನು ನೆಟ್ಟರೂ ಅಡುಗೆಮನೆ ಮುಚ್ಚಿದ ಮನೆಗೆ ಅತಿಥಿ ಬರಲಾರ.

ನಿಷೇಧವನ್ನಷ್ಟೇ ನೆಚ್ಚಿದರೆ ಏನಾಗುತ್ತದೆ ಎಂಬುದನ್ನೂ ಭರತಪುರವೇ ಕಲಿಸಿದೆ. 1982ರಲ್ಲಿ ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ದನ-ಎಮ್ಮೆ ಮೇಯಿಸುವುದನ್ನು ಹಠಾತ್ತನೆ ನಿಷೇಧಿಸಲಾಯಿತು. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ಪೊಲೀಸರ ಗೋಲಿಬಾರ್ ನಡೆದು ಹಲವರು ಸತ್ತರು. ನಂತರ ಮೇಯುವ ಬಾಯಿಗಳಿಲ್ಲದೆ ಜೊಂಡುಹುಲ್ಲು ನೀರನ್ನು ಮುಚ್ಚಿತು, ಹಕ್ಕಿಗಳಿಗೇ ತೊಂದರೆಯಾಯಿತು. ಎಮ್ಮೆಗಳು ಹುಲ್ಲನ್ನು ಹತೋಟಿಯಲ್ಲಿಡುತ್ತಿದ್ದವೆಂಬುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನದಿಂದ ತಿಳಿದುಬಂತು. ಹಳ್ಳಿಯನ್ನು ಹೊರಗಿಟ್ಟು ಹಕ್ಕಿಯನ್ನು ಉಳಿಸಲು ಹೊರಟವರಿಗೆ ಎರಡೂ ದಕ್ಕಲಿಲ್ಲ.

ಗದಗ-ಬೆಟಗೇರಿಯಲ್ಲಿ ನೆಲೆಸಿರುವ ಹರಣಶಿಕಾರಿಗಳನ್ನೂ ಇಲ್ಲಿ ನೆನೆಯಬೇಕು. ಬಲೆ, ಉರುಲುಗಳಿಂದ ಜಿಂಕೆ-ಹಕ್ಕಿ ಹಿಡಿಯುವುದು ಅವರ ಕುಲಕಸುಬು. ಹೆಸರಿನಲ್ಲೇ ಅದು ಉಳಿದಿದೆ. ಕಾಯ್ದೆಯಿಂದ ಕೋವಿಯವರು ಕಳೆದುಕೊಂಡದ್ದು ಹವ್ಯಾಸ, ಬಲೆಯವರು ಕಳೆದುಕೊಂಡದ್ದು ಅನ್ನ. ಹಕ್ಕಿಯ ಚಲನವಲನವನ್ನು ಅವರಷ್ಟು ಬಲ್ಲವರು ವಿರಳ. ಕಾವಲಿಗೆ, ಗಣತಿಗೆ, ಮಾರ್ಗದರ್ಶನಕ್ಕೆ ಆ ತಿಳಿವಳಿಕೆಯನ್ನು ಬಳಸಿಕೊಳ್ಳುವುದು ನ್ಯಾಯವೂ ಹೌದು, ಜಾಣತನವೂ ಹೌದು.

ಅಮೆರಿಕದ ಪ್ರೇರಿ ಬಯಲು ನಮ್ಮ ಎರಿಸೀಮೆಯಂತೆಯೇ ಕಾಳು ಬೆಳೆಯುವ ನಾಡು. ಉತ್ತರ ಡಕೋಟ ಮೊದಲಾದೆಡೆ ಹೊಲಗಳ ನಡುವಿನ ಸಾವಿರಾರು ನೀರುಗುಂಡಿಗಳಲ್ಲಿ ಬಾತುಗಳು ಮರಿ ಮಾಡುತ್ತವೆ. ಅಲ್ಲಿ ಬೇಟೆ ಇಂದಿಗೂ ಕಾನೂನುಬದ್ಧ. ಆದರೆ 1934ರಿಂದ ಬಾತುಬೇಟೆಗಾರ ಪ್ರತಿವರ್ಷ ಸರ್ಕಾರದ ‘ಬಾತಿನ ಅಂಚೆಚೀಟಿ’ ಕೊಳ್ಳಲೇಬೇಕು. ಈವರೆಗೆ ಸಂಗ್ರಹವಾದದ್ದು ನೂರು ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಶೇ 98ರಷ್ಟು ಹಕ್ಕಿಗಳ ನೆಲೆ ಉಳಿಸಲು ಸಲ್ಲುತ್ತದೆ. ಗುಂಡಿಯನ್ನು ಬತ್ತಿಸಿ ಉಳುವುದಿಲ್ಲವೆಂದು ಬರೆದುಕೊಟ್ಟ ರೈತನಿಗೂ ಇದೇ ಹಣದಿಂದ ಪ್ರತಿಫಲವುಂಟು. ನಮಗೆ ಅವರ ಕೋವಿ ಬೇಡ. ಆದರೆ ಹಕ್ಕಿಯಿಂದ ಸುಖ ಪಡೆಯುವವನು ಹಕ್ಕಿಯ ಖರ್ಚಿಗೆ ಕೈಜೋಡಿಸಬೇಕೆಂಬ ತತ್ತ್ವ ಬೇಕು. ನಮ್ಮಲ್ಲಿ ಆ ಸುಖ ಪಡೆಯುವವರು ಕ್ಯಾಮೆರಾ ಹಿಡಿದು ಬರುವ ನಗರವಾಸಿಗಳು, ಅಂದರೆ ನಾವೇ.

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ ಸೆಕ್ಷನ್ 36-ಬಿ ಪ್ರಕಾರ ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಹಾಗೂ ಕೃಷಿ ಇಲಾಖೆಯ ಪ್ರತಿನಿಧಿಗಳು ಇರಬೇಕು. ಈ ಸಮಿತಿಯೇ ಪ್ರತಿ ಚಳಿಗಾಲ ಸುತ್ತಲಿನ ಹೊಲಗಳ ಸಮೀಕ್ಷೆ ನಡೆಸಲಿ. ಪ್ರವಾಸಿಗಳಿಂದ ಬರುವ ಶುಲ್ಕ ಪಂಚಾಯಿತಿಯ ಪ್ರತ್ಯೇಕ ನಿಧಿಗೆ ಸೇರಲಿ. ಸಾಲದಿದ್ದರೆ ಸರ್ಕಾರ ತುಂಬಿಕೊಡಲಿ. ಶೇಂಗಾ, ಕಡಲೆ ಬೆಳೆಯುವುದನ್ನು ಮುಂದುವರಿಸಿದ ರೈತನಿಗೆ ಎಕರೆಗಿಷ್ಟೆಂದು ಸಂಭಾವನೆ ಸಲ್ಲಲಿ. ‘ಪರಿಹಾರ’ ಎನ್ನುವುದಕ್ಕಿಂತ ‘ಸಂಭಾವನೆ’ ಎನ್ನುವುದೇ ಸೂಕ್ತ. ಒಂದು ನಷ್ಟಕ್ಕೆ ಕೊಡುವುದು, ಇನ್ನೊಂದು ಸೇವೆಗೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಹಣ ಕೊಟ್ಟ ಮಾದರಿ ನಮ್ಮ ರಾಜ್ಯದಲ್ಲೇ ಇದೆ.

ರೈತನಿಗೆ ಹಣ ಕೊಟ್ಟರೆ ಅವನ ಔದಾರ್ಯ ವ್ಯಾಪಾರವಾಗುತ್ತದೆ ಎಂಬ ಆಕ್ಷೇಪವನ್ನು ಬಲ್ಲೆ. ಆಡಳಿತದ ಅನುಭವ ಬೇರೆಯೇ ಹೇಳುತ್ತದೆ. ಬಡವನ ಔದಾರ್ಯವನ್ನು ಹೊಗಳಿ ಸುಮ್ಮನಾಗುವುದು ಖಜಾನೆಗೆ ಅತ್ಯಂತ ಅಗ್ಗದ ನೀತಿ; ಆದ್ದರಿಂದಲೇ ಅದು ಎಲ್ಲ ಸರ್ಕಾರಗಳಿಗೂ ಪ್ರಿಯ. ಚರಗ ಚೆಲ್ಲುವ ಕೈ ಮುಂದೆಯೂ ಚೆಲ್ಲಲಿ. ಆದರೆ ಅದು ವರ್ಷಕ್ಕೊಂದು ದಿನದ ಸಂತೋಷದ ತುತ್ತು. ನೂರು ದಿನಗಳ ಊಟದ ಬಿಲ್ಲನ್ನು ಹಂಚಿಕೊಳ್ಳಬೇಕಾದವರು, ರಾಮ್ಸಾರ್ ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ನಾವೆಲ್ಲರೂ.